ಲಗ್ನಪತ್ರಿಕೆಯಿಂದ ಬ್ಲಾಗಿಗೆ

ನನ್ನ ಮೊದಲ ಗಿರಾಕಿಯ ಬ್ಲಾಗಿನಲ್ಲಿ ಪ್ರೀತಿ ಎರಡು ತುಂಡಾಗಿತ್ತು.

2013ರ ಮಾತು. ತೀರ್ಥಹಳ್ಳಿ ಕಡೆಯ ನಿವೃತ್ತ ಕನ್ನಡ ಮೇಷ್ಟ್ರು ಒಬ್ಬರು ಪ್ರಬಂಧ ಬರೆಯುತ್ತಿದ್ದರು. ಅವರಿಗೆ ಗೂಗಲಿನ ಬ್ಲಾಗರ್‌ನಲ್ಲಿ ಒಂದು ಬ್ಲಾಗು ಮಾಡಿಕೊಟ್ಟಿದ್ದೆ. ಎಲ್ಲಿಂದಲೋ ಬಿಟ್ಟಿ ಸಿಕ್ಕ ಟೆಂಪ್ಲೇಟು. ಅದರಲ್ಲಿ ಪ್ರತಿ ಲೇಖನದ ಮೊದಲ ಅಕ್ಷರ ಮೂರು ಸಾಲಿನ ಎತ್ತರಕ್ಕೆ ದೊಡ್ಡದಾಗಿ ನಿಲ್ಲುತ್ತಿತ್ತು, ಹಳೇ ವಾರಪತ್ರಿಕೆಗಳ ಹಾಗೆ. ಆ ಒಂದು ಚಂದಕ್ಕೇ ಅದನ್ನು ಆರಿಸಿದ್ದೆ. ಎರಡು ವಾರ ಕಳೆದ ಮೇಲೆ ಮೇಷ್ಟ್ರ ಫೋನು. "ಏನಮ್ಮಾ, ನಮ್ಮ ಪ್ರೀತಿ ಮುರಿದು ಬಿದ್ದಿದೆಯಲ್ಲ?"

ಗಾಬರಿಯಲ್ಲಿ ತೆರೆದು ನೋಡಿದೆ. ಅವತ್ತಿನ ಪ್ರಬಂಧ 'ಪ್ರೀತಿ' ಎಂಬ ಪದದಿಂದ ಶುರುವಾಗಿತ್ತು. ಪರದೆಯ ಮೇಲೆ ದೊಡ್ಡದೊಂದು 'ಪ್', ಅದರ ಪಕ್ಕ ಸಣ್ಣಗೆ 'ರೀತಿ'. ಹಿಂದಿನ ಲೇಖನಗಳೆಲ್ಲ 'ಮಳೆ', 'ನಮ್ಮೂರು' ಅಂತ ಒತ್ತಿಲ್ಲದ ಅಕ್ಷರದಿಂದ ಶುರುವಾಗಿದ್ದವು. ಹಾಗಾಗಿ ಇಬ್ಬರಿಗೂ ಗೊತ್ತಾಗಿರಲಿಲ್ಲ. ಪ, ವಿರಾಮ ಎಂಬ ಅರ್ಧಾಕ್ಷರದ ಚಿಹ್ನೆ, ರ, ದೀರ್ಘ ಇಕಾರ, ಈ ನಾಲ್ಕೂ ಸೇರಿದರೆ ನಮಗೆ ಒಂದು ಅಕ್ಷರ. ಬ್ರೌಸರಿಗೆ ಅಷ್ಟು ತಾಳ್ಮೆ ಇರಲಿಲ್ಲ. ವಿರಾಮ ಕಂಡ ಕೂಡಲೇ ಕತ್ತರಿ ಹಾಕಿತ್ತು.

ಆ ದೊಡ್ಡಕ್ಷರವನ್ನೇ ತೆಗೆದುಹಾಕಿದೆ. ಮೇಷ್ಟ್ರಿಗೆ ಬೇಜಾರಾಯಿತು, ಅವರಿಗೂ ಅದು ಇಷ್ಟವಾಗಿತ್ತಂತೆ. ಅವರು ಕೊಟ್ಟಿದ್ದು 2,500 ರೂಪಾಯಿ. ನಾನು ಆ ಬ್ಲಾಗಿಗೆ ಇಟ್ಟ ರಾತ್ರಿಗಳ ಲೆಕ್ಕ ಹಾಕಿದರೆ ಗಾರೆ ಕೆಲಸದ ಕೂಲಿಯೂ ಗಿಟ್ಟಿರಲಿಲ್ಲ.

ಅದಕ್ಕೂ ಮೊದಲು ನಾನಿದ್ದದ್ದು ಶಿವಮೊಗ್ಗದ ಒಂದು ಡಿಟಿಪಿ ಅಂಗಡಿಯಲ್ಲಿ. ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಹಕಾರ ಸಂಘದ ವಾರ್ಷಿಕ ವರದಿ, ವೈಕುಂಠ ಸಮಾರಾಧನೆಯ ಪತ್ರ. ಎಂಟು ವರ್ಷ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ಕೈ ಇದು. ಅಂಗಡಿಯಲ್ಲಿ ಕಲಿತ ಒಂದು ವಿಷಯ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಗಿರಾಕಿಗೆ ಪ್ರೂಫ್ ಕೊಡುವಾಗ ಹೆಸರುಗಳನ್ನು ಜೋರಾಗಿ ಓದಿಸಬೇಕು. ಕಣ್ಣಿಗೆ ಬೀಳದ ತಪ್ಪು ಬಾಯಿಗೆ ಸಿಗುತ್ತದೆ. ಆದರೆ ಅಂಗಡಿಯ ಇನ್ನೊಂದು ಅಭ್ಯಾಸ ನನ್ನನ್ನು ತುಂಬಾ ದಿನ ಕೆಡಿಸಿತು. ಲಗ್ನಪತ್ರಿಕೆ ಮುದ್ರಣವಾಗಿ ಕಟ್ಟು ಕೈ ಸೇರಿತು ಎಂದರೆ ಮುಗಿಯಿತು, ಆಮೇಲೆ ಆ ಗಿರಾಕಿಯ ಮುಖ ನೋಡುವುದು ಅವರ ಮಗುವಿನ ನಾಮಕರಣದ ಕಾರ್ಡಿಗೆ. ಬ್ಲಾಗನ್ನೂ ಹಾಗೇ ಕಟ್ಟು ಕಟ್ಟಿ ಕೊಟ್ಟು ಕೈ ತೊಳೆದುಕೊಳ್ಳಬಹುದು ಅಂದುಕೊಂಡಿದ್ದೆ.

ಟೈಪಿನ ಕಣ್ಣು ಇದ್ದದ್ದರಿಂದ ಕೆಲವು ವಿಷಯ ಬೇಗ ಹಿಡಿದೆ. ಇಂಗ್ಲಿಷಿಗೆ ಮಾಡಿದ ಥೀಮುಗಳಲ್ಲಿ ಸಾಲುಗಳ ನಡುವೆ ಜಾಗ ಕಮ್ಮಿ. ನಮ್ಮ ಒತ್ತಕ್ಷರ ಕೆಳಗಿಳಿದು ಮುಂದಿನ ಸಾಲಿನ ದೀರ್ಘದ ತಲೆಗೆ ಹೊಡೆಯುತ್ತದೆ. 'ಸ್ತ್ರೀ' ಎಂದು ಶೀರ್ಷಿಕೆ ಹಾಕಿದರೆ ಎರಡನೇ ಒತ್ತು ಅರ್ಧ ಕತ್ತರಿಸಿ ಹೋಗಿರುತ್ತಿತ್ತು. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.7, 1.8 ಪಟ್ಟಿಗೆ ಏರಿಸಿದ ಮೇಲೆಯೇ ಓದಲು ಸಮಾಧಾನ. ಅಕ್ಷರಗಳ ನಡುವೆ ಅಂತರ ಕೊಡುವ ಫ್ಯಾಷನ್ ಕನ್ನಡಕ್ಕೆ ಬೇಡವೇ ಬೇಡ, ಪದ ಪದವೇ ಹಲ್ಲುದುರಿದ ಬಾಯಿಯ ಹಾಗೆ ಕಾಣುತ್ತದೆ. ಆಗ ವಿಂಡೋಸ್ ಎಕ್ಸ್‌ಪಿ ಇದ್ದವರಿಗೆ ತುಂಗಾ ಫಾಂಟೇ ಗತಿ. ಸಣ್ಣಗೆ, ಬಡಕಲಾಗಿ ಕಾಣುತ್ತಿತ್ತು. ಆಮೇಲೆ ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ, ಬಲೂ ತಮ್ಮ ಎಲ್ಲ ಸಿಕ್ಕವು. ಶೀರ್ಷಿಕೆಗೆ ಬಲೂ ತಮ್ಮ ಚೆನ್ನ, ಗುಂಡುಗುಂಡಗೆ ತಿಂಡಿ ತಿಂದ ಮಗುವಿನ ಹಾಗಿರುತ್ತದೆ. ಸಾವಿನ ಬಗ್ಗೆ ಬರೆದ ಲೇಖನಕ್ಕೆ ಮಾತ್ರ ಹಾಕಬಾರದು. ಹಾಕಿ ಬೈಸಿಕೊಂಡಿದ್ದೇನೆ.

ವಿಳಾಸದ ಕಥೆಯೂ ಅಷ್ಟೇ. ಬ್ಲಾಗರ್‌ನಲ್ಲಿ ಕನ್ನಡ ಶೀರ್ಷಿಕೆ ಕೊಟ್ಟರೆ ಲೇಖನದ ವಿಳಾಸ ಸುಮ್ನೆ 'ಬ್ಲಾಗ್-ಪೋಸ್ಟ್_17' ಎಂದಾಗುತ್ತಿತ್ತು. ಬ್ಲಾಗು ಕಟ್ಟುವ ಇನ್ನೊಂದು ತಂತ್ರಾಂಶವಾದ ವರ್ಡ್‌ಪ್ರೆಸ್ ಕನ್ನಡವನ್ನು ಇಟ್ಟುಕೊಳ್ಳುತ್ತದೆ, ಆದರೆ ಒಳಗೆ ಒಂದೊಂದು ಚಿಹ್ನೆಯನ್ನೂ ಶೇಕಡಾ ಗುರುತು, ಅಂಕಿ, ಅಕ್ಷರ ಸೇರಿಸಿ ಒಂಬತ್ತು ಮನೆ ಉದ್ದ ಮಾಡುತ್ತದೆ. ಅಲ್ಲಿರುವ ಜಾಗ ಒಟ್ಟು 200. ಹಾಗಾಗಿ 22 ಚಿಹ್ನೆ ದಾಟಿದ ಶೀರ್ಷಿಕೆಯ ಬಾಲ ಕತ್ತರಿಸಿ ಹೋಗುತ್ತದೆ. ಸ್ವರಚಿಹ್ನೆ, ವಿರಾಮ ಎಲ್ಲ ಎಣಿಸಿದರೆ 22 ಎಂದರೆ ಮೂರೋ ನಾಲ್ಕೋ ಪದ ಅಷ್ಟೇ. ಅಂಥ ವಿಳಾಸವನ್ನು ವಾಟ್ಸ್ಯಾಪಿನಲ್ಲಿ ಕಳಿಸಿದರೆ ನೋಡಿದವರು ವೈರಸ್ ಅಂದುಕೊಳ್ಳುತ್ತಾರೆ. ಪ್ರತಿ ಲೇಖನಕ್ಕೂ ಇಂಗ್ಲಿಷ್ ಲಿಪಿಯಲ್ಲಿ ಪುಟ್ಟ ವಿಳಾಸ ಕೈಯಾರೆ ಕೊಡಲು ಗಿರಾಕಿಗಳಿಗೆ ಕಲಿಸುತ್ತೇನೆ. ಅರ್ಧ ಜನ ಮರೆಯುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಬೆವರಿಳಿಸಿದ್ದು ಒಬ್ಬ ಅಂಕಣಕಾರರ 300ಕ್ಕೂ ಹೆಚ್ಚು ಹಳೇ ಲೇಖನ. ಎಲ್ಲವೂ ನುಡಿ ಆಗ ಅಕ್ಷರ ಉಳಿಸುತ್ತಿದ್ದ ಹಳೇ ಎನ್‌ಕೋಡಿಂಗ್‌ನಲ್ಲಿ, ವರ್ಡ್ ಕಡತಗಳಲ್ಲಿ. ಅಂಟಿಸಿದರೆ ಬ್ಲಾಗಿನ ತುಂಬ ಇಂಗ್ಲಿಷ್ ಅಕ್ಷರದ ಕಸ. ಈಗ ಎಲ್ಲ ಕಂಪ್ಯೂಟರೂ ಓದುವ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಇದ್ದವು, ಪುಕ್ಕಟೆಯಾಗಿಯೇ. ಒಂದು ವಾರದ ಕೆಲಸ ಎಂದು ದರ ಹೇಳಿಬಿಟ್ಟೆ. ಸಮಸ್ಯೆ ಬಂದದ್ದು ಅರ್ಕಾವತ್ತಿನಿಂದ. ನುಡಿಯಲ್ಲಿ ಅದನ್ನು ವ್ಯಂಜನದ ನಂತರ ಕೂರಿಸುತ್ತೇವೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಆ ಅದಲುಬದಲನ್ನು ಮರೆತರೆ 'ಕಾರ್ಯಕ್ರಮ' ಹೋಗಿ 'ಕಾಯರ್ಕ್ರಮ' ಆಗುತ್ತದೆ, 'ವರ್ಷ' ಹೋಗಿ 'ವಷರ್' ಆಗುತ್ತದೆ. ಜಾಲದಲ್ಲಿ ಇಂಥ 'ಕಾಯರ್ಕ್ರಮ'ಗಳನ್ನು ನೀವೂ ನೋಡಿರುತ್ತೀರಿ. ಅದು ಬರೆದವರ ತಪ್ಪಲ್ಲ, ಯಾರೋ ನನ್ನಂಥವರು ಪ್ರೂಫ್ ನೋಡದೆ ಬಿಟ್ಟದ್ದು. ಹುಡುಕಿ ಬದಲಿಸುವ ಸೂತ್ರ ಬರೆದೆ. 'ಷರ್' ಕಂಡಲ್ಲೆಲ್ಲ 'ರ್ಷ' ಮಾಡು ಎಂದರೆ ಪಾಪ 'ಪ್ರೆಷರ್' ಕೂಡ 'ಪ್ರೆರ್ಷ' ಆಯಿತು. ಕೊನೆಗೆ ಎಲ್ಲ ಲೇಖನವನ್ನೂ ಕೂತು ಓದಿದೆ. ಒಂದು ವಾರ ಹೋಗಿ ಎರಡೂವರೆ ತಿಂಗಳಾಯಿತು. ಹೇಳಿದ ದರಕ್ಕೇ ಮಾಡಿಕೊಟ್ಟೆ, ಮಾತು ಆಡಿದ್ದೆನಲ್ಲ. ಈಗ ಹಳೇ ಕಡತ ಎಂದ ಕೂಡಲೇ ಮೊದಲು ಹತ್ತು ಲೇಖನ ತರಿಸಿಕೊಂಡು, ಬದಲಿಸಿ ನೋಡಿ, ಆಮೇಲೆ ಬಾಯಿ ಬಿಡುತ್ತೇನೆ.

ಗಿರಾಕಿಗೆ ಏನು ಬೇಕು ಎಂದು ತಿಳಿಯುವುದೇ ಈ ಕೆಲಸದ ಮುಕ್ಕಾಲು ಪಾಲು. ಶುರುವಿನಲ್ಲಿ ಒಂದು ಪ್ರಶ್ನಾವಳಿ ಮಾಡಿದ್ದೆ. ನಿಮ್ಮ ಇಷ್ಟದ ಬಣ್ಣ ಯಾವುದು, ಇಷ್ಟವಾದ ಮೂರು ಬ್ಲಾಗು ಹೇಳಿ, ಹೀಗೆ ಇಪ್ಪತ್ತು ಪ್ರಶ್ನೆ. ಉತ್ತರಗಳೆಲ್ಲ ಒಂದೇ ಥರ ಬರುತ್ತಿದ್ದವು. "ಸಿಂಪಲ್ ಆಗಿರಲಿ, ಗ್ರ್ಯಾಂಡ್ ಆಗಿ ಕಾಣಲಿ." ಒಬ್ಬರಿಗೆ ಹಳದಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರವೇ ಬೇಕಿತ್ತು, ಕನ್ನಡಾಭಿಮಾನಕ್ಕೆ. ಎರಡು ಪ್ಯಾರಾ ಅವರಿಂದಲೇ ಓದಿಸಿದೆ. ಕಣ್ಣುಜ್ಜಿಕೊಂಡು, "ಮೇಲಿನ ಪಟ್ಟಿಗೆ ಮಾತ್ರ ಸಾಕು ಬಿಡಿ" ಎಂದರು. ಶಾಲು ಹೊದ್ದು ಹಾರ ಹಾಕಿಸಿಕೊಂಡ ಫೋಟೋ ಮುಖಪುಟದಲ್ಲಿ ಬೇಕೇ ಬೇಕು ಎನ್ನುವವರ ಜೊತೆ ಮಾತ್ರ ನಾನು ಜಗಳವಾಡುವುದಿಲ್ಲ. ಹಾಕಿಕೊಡುತ್ತೇನೆ. ಬರೆಯುವವರಿಗೆ ಅಷ್ಟೂ ಸಿಗದಿದ್ದರೆ ಹೇಗೆ?

ಪ್ರಶ್ನಾವಳಿಯನ್ನು ಎಸೆಯುವಂತೆ ಮಾಡಿದ್ದು ಶಿರಸಿಯ ಒಬ್ಬ ಗೃಹಿಣಿ. ಅಡುಗೆ ಬ್ಲಾಗು. ಅವರು ಕೇಳಿದ್ದು ಮುಖಪುಟದಲ್ಲಿ ಓಡುವ ಫೋಟೋಗಳ ಸಾಲು, ಸ್ಲೈಡರ್. 2014ರಲ್ಲಿ ಎಲ್ಲರಿಗೂ ಅದೇ ಹುಚ್ಚು. ಮಾಡಿಕೊಟ್ಟೆ. ಬ್ಲಾಗು ತೆರೆಯಲು ಅರ್ಧ ನಿಮಿಷ ಬೇಕು ಎಂದು ದೂರು ಬಂತು. ಬೇರೆ ಕೆಲಸಕ್ಕೆ ಶಿರಸಿಗೆ ಹೋದಾಗ ಅವರ ಮನೆಗೇ ಹೋಗಿ, "ನೀವು ಒಂದು ಅಡುಗೆ ಹಾಕಿ, ನಾನು ಸುಮ್ನೆ ನೋಡ್ತೀನಿ" ಎಂದು ಪಕ್ಕದಲ್ಲಿ ಕೂತೆ.

ಆ ಒಂದು ಗಂಟೆಯಲ್ಲಿ ಕಂಡದ್ದು ಯಾವ ಪ್ರಶ್ನಾವಳಿಯಲ್ಲೂ ಬರುತ್ತಿರಲಿಲ್ಲ. ಅವರು ಅಪ್ಪೆಹುಳಿಯ ಫೋಟೋಗಳನ್ನು ಕ್ಯಾಮೆರಾದಿಂದ ನೇರವಾಗಿ ಏರಿಸುತ್ತಿದ್ದರು, ಒಂದೊಂದೂ ಐದು ಎಂಬಿ. ಏರುವವರೆಗೆ ಒಳಗೆ ಹೋಗಿ ಹಾಲು ನೋಡಿ ಬರುತ್ತಿದ್ದರು. ವಿಧಾನವನ್ನು ಮೊದಲೇ ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರು, ಬೇಕಾಗುವ ಸಾಮಾನು ಎಡಗಡೆ, ಮಾಡುವ ಕ್ರಮ ಬಲಗಡೆ. ಬ್ಲಾಗಿನಲ್ಲಿ ಅದು ಒಂದೇ ಉದ್ದದ ಪ್ಯಾರಾ ಆಗುತ್ತಿತ್ತು, ನಾನು ಕೊಟ್ಟ ವಿನ್ಯಾಸದಲ್ಲಿ ಬೇರೆ ದಾರಿಯೇ ಇರಲಿಲ್ಲ. ಓದುಗರಿಂದ ಬರುತ್ತಿದ್ದ ಪ್ರಶ್ನೆಯೂ ಒಂದೇ ಅಂತೆ, "ಮಾವಿನಕಾಯಿ ಎಷ್ಟು?" ಅವರ ನೋಟ್‌ಪುಸ್ತಕದ ಹಾಳೆಯ ಫೋಟೋ ತೆಗೆದುಕೊಂಡು ಬಂದು, ಹೊಸ ಬ್ಲಾಗನ್ನು ಆ ಹಾಳೆಯ ಹಾಗೆ ಮಾಡಿದೆ. ಸ್ಲೈಡರ್ ತೆಗೆದೆ. ಫೋಟೋ ತಾನೇ ಚಿಕ್ಕದಾಗುವಂತೆ ಮಾಡಿದೆ. ವರ್ಡ್‌ಪ್ರೆಸ್ ಮುಖಪುಟದಲ್ಲಿ ಸಾರಾಂಶಕ್ಕೆ 55 ಪದ ಇಡುತ್ತದೆ. ಇಂಗ್ಲಿಷಿಗೆ ಅದು ಹಿತ. ನಮ್ಮಲ್ಲಿ 'ಹುರಿದುಕೊಂಡಿಟ್ಟುಕೊಳ್ಳಬೇಕು' ಎಂಬುದೂ ಒಂದೇ ಪದ, 55 ಎಂದರೆ ಅರ್ಧ ಅಡುಗೆಯೇ ಮುಗಿದಿರುತ್ತದೆ. ಅದನ್ನು 20ಕ್ಕೆ ಇಳಿಸಿದೆ. ಅಂದಿನಿಂದ ಹೊಸ ಗಿರಾಕಿ ಯಾರೇ ಆದರೂ ಮೊದಲು ಅವರು ಬರೆಯುವುದನ್ನು ಒಂದು ಸಲ ಪಕ್ಕದಲ್ಲಿ ಕೂತು ನೋಡುತ್ತೇನೆ. ದೂರದವರಾದರೆ ವಿಡಿಯೋ ಕರೆಯಲ್ಲಿ.

2015ರ ಏಪ್ರಿಲ್ 21ಕ್ಕೆ ಗೂಗಲ್ ಹುಡುಕಾಟದಲ್ಲಿ ಮೊಬೈಲಿಗೆ ಹೊಂದುವ ತಾಣಗಳನ್ನು ಮೇಲಕ್ಕೆ ತರಲು ಶುರುಮಾಡಿತು. ನನ್ನ ಏಳು ಗಿರಾಕಿಗಳ ಬ್ಲಾಗು ಕಂಪ್ಯೂಟರಿನ ಅಗಲಕ್ಕೇ ಹೊಲಿದ ಅಂಗಿಗಳು. ಎಲ್ಲವನ್ನೂ ಬಿಚ್ಚಿ ಹೊಲಿದೆ, ಅರ್ಧ ದರಕ್ಕೆ. ಪೂರ್ತಿ ದರ ಕೇಳಲು ಮುಖವಿರಲಿಲ್ಲ, ಬಿಟ್ಟಿ ಮಾಡಲು ಹೊಟ್ಟೆ ಕೇಳುತ್ತಿರಲಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ನನ್ನನ್ನು ಹಾಳುಮಾಡಿದ ಎರಡು ಮಾತುಗಳು "ಒಂದೇ ಒಂದು ಸಣ್ಣ ಚೇಂಜು" ಮತ್ತು "ನೀವು ನಮ್ಮೋರೇ ಅಲ್ವಾ". ಸಣ್ಣ ಚೇಂಜುಗಳನ್ನು ಒಂದು ಕೆಲಸದಲ್ಲಿ ಎಣಿಸಿದ್ದೆ, 41 ಆಗಿತ್ತು. ಈಗ ಅರ್ಧ ಮುಂಗಡ, ಎರಡು ಸುತ್ತು ತಿದ್ದುಪಡಿ, ಮೂರನೇ ಸುತ್ತಿನಿಂದ ಗಂಟೆಗೆ ಇಷ್ಟು ಎಂದು ಮೊದಲೇ ಕನ್ನಡದಲ್ಲಿ ಬರೆದು ಕಳಿಸುತ್ತೇನೆ. ಆಶ್ಚರ್ಯ ಎಂದರೆ ಹಾಗೆ ಬರೆದ ಮೇಲೆ ಮೂರನೇ ಸುತ್ತೇ ಬರುವುದಿಲ್ಲ. 2016ರಲ್ಲಿ ಯುಪಿಐ ಬರುವ ತನಕ ಬಾಕಿ ವಸೂಲಿ ದೊಡ್ಡ ತಲೆನೋವಾಗಿತ್ತು, ಚೆಕ್ಕು ಯಾವಾಗಲೂ ದಾರಿಯಲ್ಲಿರುತ್ತಿತ್ತು. ಒಂದು ಕಂಪನಿಯ ಕೆಲಸ ಮಾಡಿದಾಗ ಶೇ. 10 ಕಡಿಮೆ ದುಡ್ಡು ಬಂತು ಎಂದು ಫೋನಿನಲ್ಲಿ ಜಗಳವನ್ನೇ ತೆಗೆದಿದ್ದೆ. ಅದು ಟಿಡಿಎಸ್ ಅಂತೆ, ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ. ನನ್ನ ಪ್ಯಾನ್ ಹೆಸರಿನಲ್ಲೇ ಜಮೆಯಾಗಿ ತೆರಿಗೆ ಇಲಾಖೆಯ ಲೆಕ್ಕದಲ್ಲಿ ಕಾಣುತ್ತದೆ, ರಿಟರ್ನ್ ಹಾಕಿದರೆ ಹೆಚ್ಚಾದದ್ದು ವಾಪಸು ಬರುತ್ತದೆ. ಅಲ್ಲಿಯ ಅಕೌಂಟ್ಸ್ ಹುಡುಗಿ ನಗದೇ ವಿವರಿಸಿದಳು. ಪುಣ್ಯಾತ್ಗಿತ್ತಿ.

ಜಾಹೀರಾತಿನಿಂದ ಎಷ್ಟು ಬರುತ್ತದೆ ಎಂಬ ಪ್ರಶ್ನೆಯೂ ತಪ್ಪದೆ ಬರುತ್ತದೆ. ಗೂಗಲ್ ಆಡ್‌ಸೆನ್ಸ್ ಹಿಂದಿಗೆ 2014ರ ಕೊನೆಯಲ್ಲೇ ಬಂತು, ಕನ್ನಡದವರು ಅದಾದ ಮೇಲೂ ವರ್ಷಗಟ್ಟಲೆ ಕಾದರು. ನಾನು ನೇರವಾಗಿ ಹೇಳುತ್ತೇನೆ, ಆ ಆಸೆಯಿಂದ ಬ್ಲಾಗು ಮಾಡಿಸಬೇಡಿ ಎಂದು. ಹಾಗೆ ಹೇಳಿ ಕಳೆದುಕೊಂಡ ಕೆಲಸಗಳೂ ಇವೆ.

ಇನ್ನು 2018. ಇದನ್ನು ಬರೆಯಲು ಈಗಲೂ ಮುಜುಗರ.

ಶಿರಸಿಯವರ ಹತ್ತಿರ ಆಗ ಕಾರ್ಡು ಇರಲಿಲ್ಲ. ಅದಕ್ಕೆ 2014ರಲ್ಲಿ ಅವರ ಡಾಟ್ ಕಾಮ್ ಹೆಸರನ್ನು ನನ್ನ ಖಾತೆಯಲ್ಲಿ, ನನ್ನ ಕಾರ್ಡಿನಿಂದ, ನನ್ನ ಹಳೇ ಇಮೇಲು ಕೊಟ್ಟು ಕೊಂಡಿದ್ದೆ. ವರ್ಷಕ್ಕೆ ಸುಮಾರು 800 ರೂಪಾಯಿ, ತಾನೇ ನವೀಕರಣ ಆಗುತ್ತಿತ್ತು. ನಡುವೆ ನಾನು ಬ್ಯಾಂಕು ಬದಲಿಸಿದೆ. ಆ ಇಮೇಲು ನೋಡುವುದನ್ನೂ ಬಿಟ್ಟಿದ್ದೆ. ಆ ವರ್ಷ ಜುಲೈನಲ್ಲಿ ಕ್ರೋಮ್ ಬ್ರೌಸರು ಬೀಗದ ಗುರುತಿಲ್ಲದ ತಾಣಗಳಿಗೆಲ್ಲ 'ಸುರಕ್ಷಿತವಲ್ಲ' ಎಂದು ಹಣೆಪಟ್ಟಿ ಹಚ್ಚಲು ಶುರುಮಾಡಿತು. ಗಿರಾಕಿಗಳು ಹೆದರಿ ಸಾಲಾಗಿ ಫೋನು ಮಾಡಿದರು. ನಾನು ಒಬ್ಬೊಬ್ಬರದಕ್ಕೂ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟು ಹಾಕುತ್ತಾ ಕೂತಿದ್ದೆ. ಪಟ್ಟಿಯಲ್ಲಿ ಶಿರಸಿಯವರ ಹೆಸರು ಕೊನೆಗಿತ್ತು, ಅವರು ಫೋನು ಮಾಡಿರಲಿಲ್ಲವಲ್ಲ. ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೋಗಿದ್ದರು.

ಚೌತಿಗೆ ಮೂರು ದಿನ ಇರುವಾಗ ರಾತ್ರಿ ಹತ್ತಕ್ಕೆ ಕರೆ ಬಂತು. ಚಕ್ಕುಲಿ, ಪಂಚಕಜ್ಜಾಯ ಹುಡುಕಿಕೊಂಡು ಜನ ಅವರ ಬ್ಲಾಗಿಗೆ ಬರುವ ಹೊತ್ತು ಅದು. "ಬ್ಲಾಗು ತೆಗೆದ್ರೆ ಯಾವುದೋ ಜಾಹೀರಾತು ಬರ್ತಾ ಇದೆ. ನಾನೇನಾದ್ರೂ ತಪ್ಪು ಒತ್ತಿದ್ನಾ?" ಆ ಪ್ರಶ್ನೆಯೇ ನನ್ನನ್ನು ಹೆಚ್ಚು ಚುಚ್ಚಿದ್ದು.

ಆಷಾಢದಲ್ಲೇ ಹೆಸರಿನ ಅವಧಿ ಮುಗಿದಿತ್ತು. ಮುಗಿದ ಮೇಲೆ ಕೆಲವು ವಾರ ಮಾಮೂಲಿ ದರಕ್ಕೇ ನವೀಕರಿಸಬಹುದು. ಅದೂ ದಾಟಿದರೆ 30 ದಿನದ ಇನ್ನೊಂದು ಅವಧಿ ಇದೆ, ಅದರಲ್ಲಿ ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಅದೂ ಕಳೆದರೆ ಐದು ದಿನದಲ್ಲಿ ಹೆಸರು ಅಳಿಸಿ ಬಯಲಿಗೆ ಬೀಳುತ್ತದೆ, ಯಾರು ಬೇಕಾದರೂ ಕೊಳ್ಳಬಹುದು. ನಾವಿದ್ದದ್ದು ದಂಡದ ಅವಧಿಯಲ್ಲಿ. 800 ರೂಪಾಯಿಯ ಹೆಸರಿಗೆ 7,000ದ ಮೇಲೆ ಕಟ್ಟಿದೆ. ವಾಪಸು ಬರುವಷ್ಟರಲ್ಲಿ ಗಣಪತಿ ನೀರು ಸೇರಿ ಆಗಿತ್ತು.

ತಪ್ಪು ನನ್ನದೇ ಎಂದು ಅವರಿಗೆ ಹೇಳಿದೆ. ಹೇಳುವ ಮೊದಲು ಒಂದು ರಾತ್ರಿ 'ಸರ್ವರ್ ಸಮಸ್ಯೆ' ಎಂದುಬಿಡೋಣ ಎಂದು ಯೋಚಿಸಿದ್ದೂ ನಿಜ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಹಾಗಾದ್ರೆ ಆ ಹೆಸರು ನಂದಲ್ವಾ? ನಿಮ್ಮದಾ?" ನಾಲ್ಕು ವರ್ಷ ತನ್ನದು ಎಂದುಕೊಂಡಿದ್ದ ಮನೆಯ ಪತ್ರ ಇನ್ನೊಬ್ಬರ ಹೆಸರಿನಲ್ಲಿತ್ತು ಎಂದು ತಿಳಿದವರ ದನಿ ಅದು. ಅವರ ಮನೆ ಕಾಯುತ್ತಿದ್ದೇನೆ ಎಂದುಕೊಂಡು ಬೀಗದ ಕೈ ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ್ದೆ.

ಆ ವಾರವೇ ಎಲ್ಲ ಗಿರಾಕಿಗಳ ಪಟ್ಟಿ ತೆಗೆದೆ. ನನ್ನ ಹೆಸರಿನಲ್ಲಿದ್ದ ಒಂಬತ್ತು ಡೊಮೇನುಗಳನ್ನು, ಅಂದರೆ ತಾಣದ ಹೆಸರುಗಳನ್ನು, ಅವರವರ ಖಾತೆಗೆ, ಅವರವರ ಇಮೇಲಿಗೆ ದಾಟಿಸಿದೆ. ಕಾರ್ಡು ಇಲ್ಲದವರಿಗೆ ಮಗನದ್ದೋ ಸೊಸೆಯದ್ದೋ. ನಂತರ ಪ್ರತಿ ಕೆಲಸದ ಕೊನೆಗೆ ಒಂದು ನೂರು ಪುಟದ ನೋಟ್‌ಪುಸ್ತಕ ಕೊಡುವ ಪದ್ಧತಿ ಶುರುವಾಯಿತು. ಮೊದಲ ಪುಟದಲ್ಲಿ ಡೊಮೇನು ಎಲ್ಲಿ ಕೊಂಡದ್ದು, ಯಾವ ತಿಂಗಳು ದುಡ್ಡು ಕಟ್ಟಬೇಕು, ತಾಣದ ಕಡತಗಳನ್ನು ಇಡುವ ಹೋಸ್ಟಿಂಗ್ ಎಲ್ಲಿ. ಪಾಸ್‌ವರ್ಡು ಬರೆಯುವ ಸಾಲು ಖಾಲಿ, ಅದನ್ನು ಅವರೇ ಬದಲಿಸಿ ಅವರೇ ತುಂಬಬೇಕು, ನನಗೆ ಹೇಳಕೂಡದು. ಎರಡನೇ ಪುಟದಲ್ಲಿ ಲೇಖನ ಹಾಕುವ ಕ್ರಮ, ನನ್ನ ಕೈಬರಹದಲ್ಲಿ. ಪಿಡಿಎಫ್ ಕೊಟ್ಟರೆ ಯಾರೂ ತೆರೆಯುವುದಿಲ್ಲ. ಪುಸ್ತಕವಾದರೆ ದೇವರ ಮನೆಯ ಪಕ್ಕ ಕರೆಂಟ್ ಬಿಲ್ಲಿನ ಜೊತೆ ಇರುತ್ತದೆ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆಯಬಾರದು ಎಂದು ತಿಳಿದವರು ಬೈಯುತ್ತಾರೆ. ನನ್ನ ಗಿರಾಕಿಗಳ ಮನೆಗೆ ಬರುವ ಕಳ್ಳ ಬ್ಲಾಗು ಕದಿಯುವವನಲ್ಲ.

ಇದರಿಂದ ನನ್ನ ಆದಾಯಕ್ಕೆ ಪೆಟ್ಟು ಬಿತ್ತು. ಮೊದಲು ಫೋಟೋ ಹಾಕಿಕೊಡಿ, ಪಾಸ್‌ವರ್ಡು ಮರೆತೆ ಎಂಬಂಥ ಕೆಲಸಕ್ಕೆ ಆಗಾಗ ಐನೂರು, ಸಾವಿರ ಬರುತ್ತಿತ್ತು. ಈಗ ಅವರೇ ಮಾಡಿಕೊಳ್ಳುತ್ತಾರೆ. ಬದಲಿಗೆ ಅವರು ಕಳಿಸಿದ ಹೊಸಬರು ಬರುತ್ತಾರೆ. ಲೆಕ್ಕ ಸರಿಹೋಗುತ್ತದಾ? ಕೆಲವು ತಿಂಗಳು ಹೋಗುತ್ತದೆ, ಕೆಲವು ತಿಂಗಳು ಲಗ್ನಪತ್ರಿಕೆಯೇ ಕಾಪಾಡುತ್ತದೆ. ಶಿರಸಿಯವರು ಅದಾದ ಮೇಲೆ ಎರಡು ವರ್ಷ ನನ್ನ ಹತ್ತಿರ ಕೆಲಸ ಮಾಡಿಸಲಿಲ್ಲ. ಆಮೇಲೆ ಒಂದು ದಿನ ಅವರ ನಾದಿನಿಯ ಹೊಲಿಗೆ ಬ್ಲಾಗಿಗೆ ನನ್ನ ನಂಬರು ಕೊಟ್ಟರು. "ಹೆಸರು ಅವಳ ಹೆಸರಲ್ಲೇ ತಗೊಳ್ಳಿ" ಎಂದಷ್ಟೇ ಹೇಳಿದರು.

ತೀರ್ಥಹಳ್ಳಿ ಮೇಷ್ಟ್ರಿಗೆ ಈಗ 80 ದಾಟಿದೆ. ಪ್ರತಿ ಬೇಸಿಗೆಗೆ ಹಲಸಿನ ಹಪ್ಪಳ ಕಳಿಸುತ್ತಾರೆ. ಕಳೆದ ಸಲ ಹಪ್ಪಳದ ಹಿಂದೆಯೇ ಫೋನು ಬಂತು. ಆ ದೊಡ್ಡ ಅಕ್ಷರ ಮತ್ತೆ ಬೇಕಂತೆ. ಮೊದಲ ಅಕ್ಷರವನ್ನು ಬ್ರೌಸರಿಗೆ ಬಿಡದೆ ನಾವೇ ಸ್ಪ್ಯಾನ್ ಎಂಬ ಕೋಡಿನ ಗುರುತು ಹಾಕಿ ಸುತ್ತಿದರೆ ಅದು ಮುರಿಯುವುದಿಲ್ಲ. ಟೆಂಪ್ಲೇಟಿನಲ್ಲಿ ಅದಕ್ಕೆ ಬೇಕಾದ ಎರಡು ಸಾಲು ನಾನು ಬರೆದೆ. ಲೇಖನದಲ್ಲಿ ಸುತ್ತುವುದನ್ನು ಮಾತ್ರ, "ನಾನು ಮಾಡಿಕೊಡ್ತೀನಿ ಸಾರ್, ಐದು ನಿಮಿಷ" ಎಂದರೂ ಕೇಳಲಿಲ್ಲ. "ಬೇಡ, ನೀನು ಹೇಳು, ನಾನು ಬರೆದುಕೊಳ್ತೀನಿ, ಪುಸ್ತಕದಲ್ಲಿ ಜಾಗ ಇದೆ." ಕೀಬೋರ್ಡಿನಲ್ಲಿ ಕೋನದ ಕಂಸ ಹುಡುಕಲು ಹತ್ತು ನಿಮಿಷ, ಓರೆಗೆರೆ ಯಾವ ಕಡೆ ವಾಲಬೇಕು ಎಂಬುದಕ್ಕೆ ಇನ್ನೊಂದು ಹತ್ತು. ಒಟ್ಟು ಮುಕ್ಕಾಲು ಗಂಟೆ. ಸಂಜೆ ವಾಟ್ಸ್ಯಾಪಿನಲ್ಲಿ ಪರದೆಯ ಫೋಟೋ ಬಂತು. ಮೂರು ಸಾಲಿನ ಎತ್ತರಕ್ಕೆ ಇಡಿಯಾಗಿ 'ಪ್ರೀ', ಪಕ್ಕದಲ್ಲಿ 'ತಿ'.

'ಅದ್ಬುತ ಸಾರ್' ಎಂದು ಕಳಿಸಿದೆ. ಒಂದು ನಿಮಿಷಕ್ಕೆ ಉತ್ತರ ಬಂತು. 'ಬಕಾರ ಅಲ್ಲ ತಾಯಿ, ಭಕಾರ.'